ಸಾಲಿಸಿಟರನ ಹೊಣೆ ಎಲ್ಲಿಯವರೆಗೆ? ಇಂಗ್ಲಿಷ್ ನ್ಯಾಯದ ಇತ್ತೀಚಿನ ಬೆಳವಣಿಗೆಗಳು

ಮುಂಬಯಿಯ ಕೋಟೆ ವಿಭಾಗದ ಹಳೆಯ ಕಟ್ಟಡಗಳಲ್ಲಿ ‘ಸಾಲಿಸಿಟರ್ಸ್’ ಎಂಬ ಫಲಕ ಇಂದಿಗೂ ಕಾಣಸಿಗುತ್ತದೆ. ಧಾರವಾಡದಿಂದಲೋ ಮೈಸೂರಿನಿಂದಲೋ ಬಂದ ಕನ್ನಡಿಗನಿಗೆ ಈ ಶಬ್ದ ಮೊದಮೊದಲು ಹೊಸದಾಗಿ ತೋರುವುದು ಸಹಜ. ಊರಿನಲ್ಲಿ ಆತನು ಬಲ್ಲವರು ವಕೀಲರು. ಕಾಗದಪತ್ರವನ್ನು ಬರೆಯುವವರೂ ಅವರೇ, ನ್ಯಾಯಾಲಯದಲ್ಲಿ ಎದ್ದು ನಿಂತು ವಾದಿಸುವವರೂ ಅವರೇ. ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಕಕ್ಷಿಗಾರನನ್ನು ಕಂಡು, ಕರಾರು ಬರೆದು, ದಾವೆಯನ್ನು ಸಿದ್ಧಪಡಿಸುವವನು ಸಾಲಿಸಿಟರ್. ಮೇಲಿನ ನ್ಯಾಯಾಲಯಗಳಲ್ಲಿ ವಾದಿಸುವವನು ಬಹುಮಟ್ಟಿಗೆ ಬ್ಯಾರಿಸ್ಟರ್. ಈ ಇಬ್ಬಗೆಯ ಪದ್ಧತಿ ಮುಂಬಯಿ ಮತ್ತು ಕಲ್ಕತ್ತೆಯ ಹೈಕೋರ್ಟುಗಳ ಮೂಲ ವಿಭಾಗದಲ್ಲಿಯೂ ಬಹುಕಾಲ ನಡೆದುಬಂದಿತ್ತು. ೧೯೭೬ರಲ್ಲಿ ಅಡ್ವೊಕೇಟರ ಕಾಯಿದೆಗೆ ಆದ ತಿದ್ದುಪಡಿಯಿಂದ ಅದು ಕೊನೆಗೊಂಡಿತು. ಆದರೂ ಹೆಸರು ಉಳಿದಿದೆ. ಆ ಹೆಸರಿನ ಪರೀಕ್ಷೆಯೂ ಮುಂಬಯಿಯಲ್ಲಿ ಉಳಿದಿದೆ.

ಇಂಗ್ಲೆಂಡಿನ ತೀರ್ಪುಗಳು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಅಜಾಗರೂಕತೆ, ಕರಾರು, ವಿಶ್ವಾಸದ ಹೊಣೆ ಮೊದಲಾದ ವಿಷಯಗಳಲ್ಲಿ ನಮ್ಮ ನ್ಯಾಯಾಧೀಶರು ಆ ತೀರ್ಪುಗಳನ್ನು ಮಾರ್ಗದರ್ಶನಕ್ಕಾಗಿ ಓದುವ ಪರಿಪಾಠ ಇಂದಿಗೂ ಇದೆ. ಆದ್ದರಿಂದ ಅಲ್ಲಿಯ ವಕೀಲವೃತ್ತಿಯ ನ್ಯಾಯ ಎತ್ತ ಸಾಗುತ್ತಿದೆ ಎಂಬುದು ನಮ್ಮಲ್ಲಿನ ವೃತ್ತಿವಂತರಿಗೆ ಮಾತ್ರವಲ್ಲ, ಪರಊರಿನಲ್ಲಿ ಮನೆ ಕೊಳ್ಳುವ, ಉಯಿಲು ಬರೆಸುವ, ಪಾಲುದಾರಿಕೆಯ ಪತ್ರಕ್ಕೆ ರುಜು ಹಾಕುವ ಸಾಮಾನ್ಯ ಗೃಹಸ್ಥನಿಗೂ ತಿಳಿದಿರಬೇಕಾದ ಸಂಗತಿ. ಇಲ್ಲಿ ನಾಲ್ಕು ಪ್ರಶ್ನೆಗಳನ್ನು ಎತ್ತಿಕೊಂಡಿದೆ. ಸಾಲಿಸಿಟರನು ತಪ್ಪಿದರೆ ಎಷ್ಟು ನಷ್ಟಕ್ಕೆ ಹೊಣೆ? ಕಕ್ಷಿಗಾರನೇ ತಪ್ಪಿತಸ್ಥನಾಗಿದ್ದರೆ ಆ ಹೊಣೆ ಅಳಿಯುವುದೆ? ನ್ಯಾಯಾಲಯಕ್ಕೆ ಆತನು ಏನನ್ನು ಸಲ್ಲಿಸಬೇಕು? ಜಗಳವನ್ನು ನ್ಯಾಯಾಲಯದ ಹೊರಗೆ ಕೊಂಡೊಯ್ಯುವ ಕರ್ತವ್ಯ ಆತನಿಗೆಷ್ಟು?

೧. ಹೊಣೆಯ ಬೆಳೆವಣಿಗೆ

ಮೊದಲು ಸ್ವಲ್ಪ ಹಿನ್ನೆಲೆ. ಸಾಲಿಸಿಟರನು ಕಕ್ಷಿಗಾರನೊಡನೆ ಮಾಡಿಕೊಂಡ ಕರಾರಿಗೆ ಮಾತ್ರ ಬದ್ಧನೆಂಬುದು ಹಳೆಯ ನಿಲವು. ೧೯೬೩ರಲ್ಲಿ ‘ಹೆಡ್ಲಿ ಬರ್ನ್’ ಮೊಕದ್ದಮೆಯಲ್ಲಿ ಲಾರ್ಡ್ಸ್ ಸಭೆ, ವಿಶೇಷ ಜ್ಞಾನವುಳ್ಳವನು ತನ್ನ ಮಾತನ್ನು ಮತ್ತೊಬ್ಬನು ನಂಬುವನೆಂದು ತಿಳಿದೂ ಅಜಾಗರೂಕತೆಯಿಂದ ಆಡಿದರೆ, ಕರಾರಿಲ್ಲದಿದ್ದರೂ ಹೊಣೆಗಾರನಾಗಬಹುದೆಂದು ಸಾರಿತು. ೧೯೭೯ರ ‘ಮಿಡ್‌ಲ್ಯಾಂಡ್ ಬ್ಯಾಂಕ್’ ತೀರ್ಪಿನಿಂದ ಸಾಲಿಸಿಟರನು ಕರಾರು, ಅಪಕೃತ್ಯ ಎಂಬ ಎರಡೂ ಹಾದಿಗಳಲ್ಲಿ ಜವಾಬು ಹೇಳಬೇಕಾದವನೆಂಬುದು ನಿಶ್ಚಯವಾಯಿತು.

೧೯೯೫ರ ‘ವೈಟ್ ವಿರುದ್ಧ ಜೋನ್ಸ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವೃದ್ಧನೊಬ್ಬ ಹೆಣ್ಣುಮಕ್ಕಳೊಡನೆ ಮುನಿದು ಅವರನ್ನು ಉಯಿಲಿನಿಂದ ತೆಗೆದುಹಾಕಿದ್ದ. ಆಮೇಲೆ ರಾಜಿಯಾಗಿ, ಇಬ್ಬರಿಗೂ ಒಂಬತ್ತೊಂಬತ್ತು ಸಾವಿರ ಪೌಂಡು ಸಲ್ಲುವಂತೆ ಹೊಸ ಉಯಿಲು ಬರೆಯಿರೆಂದು ಸಾಲಿಸಿಟರರಿಗೆ ತಿಳಿಸಿದ. ಅವರು ತಡಮಾಡಿದರು, ಅಷ್ಟರಲ್ಲಿ ಆತ ತೀರಿಕೊಂಡ. ಹೆಣ್ಣುಮಕ್ಕಳು ಕಕ್ಷಿಗಾರರಲ್ಲ, ಅವರೊಡನೆ ಕರಾರಿಲ್ಲ; ಕರಾರಿದ್ದ ತಂದೆಗಾದರೋ ನಷ್ಟವಿಲ್ಲ. ನಷ್ಟವಾದವರಿಗೆ ಹಕ್ಕಿಲ್ಲ, ಹಕ್ಕಿದ್ದವನಿಗೆ ನಷ್ಟವಿಲ್ಲ ಎಂಬ ಈ ವಿಚಿತ್ರವನ್ನು ಲಾರ್ಡ್ಸ್ ಸಭೆ ಒಪ್ಪಲಿಲ್ಲ. ಮೂವರು ಒಂದೆಡೆ, ಇಬ್ಬರು ಇನ್ನೊಂದೆಡೆಯಾಗಿ, ಮಕ್ಕಳಿಗೆ ಪರಿಹಾರ ದೊರೆಯಿತು. ಕಡೆಗೆ ೨೦೦೦ದ ‘ಹಾಲ್ ವಿರುದ್ಧ ಸೈಮನ್ಸ್’ ತೀರ್ಪು, ನ್ಯಾಯಾಲಯದಲ್ಲಿ ವಾದ ನಡೆಸುವಾಗ ಆದ ತಪ್ಪಿಗೆ ವಕೀಲನ ಮೇಲೆ ದಾವೆ ಹೂಡಬಾರದೆಂಬ ಹಳೆಯ ರಕ್ಷಣೆಯನ್ನೂ ತೊಡೆದುಹಾಕಿತು.

ಹೀಗೆ ನಲವತ್ತು ವರ್ಷಗಳ ಕಾಲ ಹೊಣೆಯ ಬಾಗಿಲು ಅಗಲವಾಗುತ್ತಲೇ ಹೋಯಿತು. ಯಾರಿಗೆ ಹೊಣೆ ಎಂಬ ಪ್ರಶ್ನೆ ಮುಗಿದ ಮೇಲೆ ಎದ್ದದ್ದು, ಎಷ್ಟಕ್ಕೆ ಹೊಣೆ ಎಂಬ ಪ್ರಶ್ನೆ. ಇತ್ತೀಚಿನ ತೀರ್ಪುಗಳ ಮುಖ್ಯ ಕೊಡುಗೆ ಇರುವುದು ಇಲ್ಲಿಯೇ.

೨. ಎಷ್ಟು ನಷ್ಟಕ್ಕೆ ಹೊಣೆ?

ಒಂದು ಉದಾಹರಣೆಯಿಂದ ಆರಂಭಿಸೋಣ. ಒಬ್ಬ ಗೃಹಸ್ಥನು ಠಾಣೆಯಲ್ಲಿ ಐವತ್ತು ಲಕ್ಷ ರೂಪಾಯಿಗೆ ಮನೆ ಕೊಳ್ಳಲು ಹೊರಡುತ್ತಾನೆ. ಹಕ್ಕುಪತ್ರಗಳನ್ನು ಪರೀಕ್ಷಿಸಿ, ಮನೆಯ ಮೇಲೆ ಋಣಭಾರವಿದೆಯೇ ಎಂದು ತಿಳಿಸಬೇಕೆಂದು ವಕೀಲನನ್ನು ಗೊತ್ತುಮಾಡುತ್ತಾನೆ. ಐದು ಲಕ್ಷದ ಹಳೆಯ ಅಡಮಾನವೊಂದು ವಕೀಲನ ಕಣ್ಣಿಗೆ ಬೀಳುವುದಿಲ್ಲ. ಇವನು ಮನೆ ಕೊಳ್ಳುತ್ತಾನೆ. ಎರಡು ವರ್ಷಗಳಲ್ಲಿ ಮಾರುಕಟ್ಟೆ ಕುಸಿದು ಮನೆಯ ಬೆಲೆ ಮೂವತ್ತು ಲಕ್ಷಕ್ಕೆ ಇಳಿಯುತ್ತದೆ. ಅಡಮಾನದ ಸಂಗತಿ ತಿಳಿದಿದ್ದರೆ ತಾನು ಆ ಮನೆಯನ್ನು ಮುಟ್ಟುತ್ತಲೇ ಇರಲಿಲ್ಲ ಎಂಬುದು ಇವನ ವಾದ. ಆ ಮಾತು ಸತ್ಯವೇ ಇರಬಹುದು. ಹಾಗಾದರೆ ವಕೀಲನು ಕೊಡಬೇಕಾದದ್ದು ಐದು ಲಕ್ಷವೋ, ಇಪ್ಪತ್ತೈದು ಲಕ್ಷವೋ?

ಲಾರ್ಡ್ ಹಾಫ್‌ಮನ್ ಅವರು ೧೯೯೬ರ ‘ಸೌತ್ ಆಸ್ಟ್ರೇಲಿಯಾ’ ಮೊಕದ್ದಮೆಯಲ್ಲಿ ಕೊಟ್ಟ ಉತ್ತರ ಐದು ಲಕ್ಷವೆಂಬುದೇ. ಅಲ್ಲಿ ಜಮೀನು ಕಟ್ಟಡಗಳ ಬೆಲೆಯನ್ನು ಹೆಚ್ಚಾಗಿ ಅಂದಾಜು ಮಾಡಿದ್ದ ಬೆಲೆಕಟ್ಟುವವರ ಮೇಲೆ ಸಾಲ ಕೊಟ್ಟ ಸಂಸ್ಥೆಗಳು ದಾವೆ ಹೂಡಿದ್ದವು. ತಪ್ಪು ಮಾಹಿತಿ ಕೊಟ್ಟವನು ಆ ಮಾಹಿತಿ ತಪ್ಪಾಗಿದ್ದುದರ ಪರಿಣಾಮಕ್ಕೆ ಮಾತ್ರ ಹೊಣೆ. ಮಾಹಿತಿಯನ್ನು ನಂಬಿ ಕೈಗೊಂಡ ವ್ಯವಹಾರದ ಎಲ್ಲ ಕಷ್ಟನಷ್ಟಕ್ಕೂ ಅಲ್ಲ. ಇದನ್ನು ತಿಳಿಯಪಡಿಸಲು ಅವರು ಪರ್ವತಾರೋಹಿಯ ದೃಷ್ಟಾಂತವನ್ನು ಕೊಟ್ಟರು. ಮೊಣಕಾಲಿನ ಬಗೆಗೆ ಸಂಶಯಪಟ್ಟ ಆರೋಹಿಯೊಬ್ಬ ವೈದ್ಯನನ್ನು ಕೇಳುತ್ತಾನೆ. ವೈದ್ಯನು ಸರಿಯಾಗಿ ನೋಡದೆ ‘ಕಾಲು ಗಟ್ಟಿಯಾಗಿದೆ’ ಎನ್ನುತ್ತಾನೆ. ಆರೋಹಿ ಬೆಟ್ಟ ಹತ್ತಿ, ಕಾಲಿಗೆ ಸಂಬಂಧವೇ ಇಲ್ಲದ ಬೇರೊಂದು ಅಪಾಯದಿಂದ ಗಾಯಗೊಳ್ಳುತ್ತಾನೆ. ವೈದ್ಯನು ಸರಿಯಾಗಿ ಹೇಳಿದ್ದರೆ ಆತನು ಬೆಟ್ಟಕ್ಕೆ ಹೋಗುತ್ತಿರಲಿಲ್ಲ, ನಿಜ. ಆದರೆ ಕಾಲು ಗಟ್ಟಿಯಾಗಿಯೇ ಇದ್ದಿದ್ದರೂ ಆ ಗಾಯ ತಪ್ಪುತ್ತಿರಲಿಲ್ಲ.

ಈ ತತ್ತ್ವ ಸಾಲಿಸಿಟರನ ಕೈಗೆ ಬಂದಾಗ ಎಷ್ಟು ಕಠಿಣವಾಗಬಲ್ಲದೆಂಬುದನ್ನು ೨೦೧೭ರ ‘ಹ್ಯೂಸ್-ಹಾಲೆಂಡ್ ವಿರುದ್ಧ ಬಿ.ಪಿ.ಇ.’ ತೀರ್ಪು ತೋರಿಸುತ್ತದೆ. ಒಬ್ಬಾತನು ಹಳೆಯ ಕಟ್ಟಡವೊಂದರ ಅಭಿವೃದ್ಧಿಗೆಂದು ಪರಿಚಿತನಿಗೆ ಎರಡು ಲಕ್ಷ ಪೌಂಡು ಸಾಲ ಕೊಟ್ಟ. ಆ ಹಣದ ಬಹುಭಾಗ ಹೋದದ್ದು ಸಾಲಗಾರನ ಹಳೆಯ ಬ್ಯಾಂಕು ಸಾಲವನ್ನು ತೀರಿಸುವುದಕ್ಕೆ. ಪತ್ರಗಳನ್ನು ಸಿದ್ಧಪಡಿಸಿದ ಸಾಲಿಸಿಟರನು ಹಳೆಯ ನಮೂನೆಯೊಂದನ್ನು ಬಳಸಿದ್ದರಿಂದ, ಹಣವು ಅಭಿವೃದ್ಧಿಗೇ ಹೋಗುವುದೆಂಬ ಭ್ರಮೆ ಹಾಗೆಯೇ ಉಳಿಯಿತು. ಕಡೆಗೆ ಸಾಲವೆಲ್ಲ ಮುಳುಗಿತು. ಸಾಲಿಸಿಟರನ ಅಜಾಗರೂಕತೆ ಸಿದ್ಧವಾಗಿತ್ತು. ಸತ್ಯ ತಿಳಿದಿದ್ದರೆ ಸಾಲ ಕೊಡುತ್ತಿರಲಿಲ್ಲವೆಂಬುದೂ ಸಿದ್ಧವಾಗಿತ್ತು. ಆದರೂ ಒಂದು ಪೌಂಡೂ ದೊರೆಯಲಿಲ್ಲ. ಹಣವೆಲ್ಲ ಕಟ್ಟಡಕ್ಕೇ ಹೋಗಿದ್ದರೂ ಕಟ್ಟಡದ ಬೆಲೆ ಏರಿ ಸಾಲ ತೀರುವ ಸ್ಥಿತಿ ಇರಲಿಲ್ಲ. ಆದ್ದರಿಂದ ನಷ್ಟಕ್ಕೆ ಕಾರಣ ಸಾಲ ಕೊಟ್ಟವನ ಸ್ವಂತ ವ್ಯವಹಾರ ನಿರ್ಣಯವೆಂದು ಲಾರ್ಡ್ ಸಂಪ್ಷನ್ ಅವರ ತೀರ್ಪು. ಸಾಲ ಕೊಡುವುದು ಒಳ್ಳೆಯದೋ ಅಲ್ಲವೋ ಎಂಬುದನ್ನು ಸಾಲಿಸಿಟರನಿಗೆ ಯಾರೂ ಕೇಳಿರಲಿಲ್ಲ.

‘ಸೌತ್ ಆಸ್ಟ್ರೇಲಿಯಾ’ ತೀರ್ಪು ಮಾಹಿತಿ ಕೊಡುವವನು, ಸಲಹೆ ಕೊಡುವವನು ಎಂಬ ಎರಡು ವರ್ಗಗಳನ್ನು ಮಾಡಿತ್ತು. ಇಡೀ ವ್ಯವಹಾರದ ಹಿತಾಹಿತವನ್ನು ತೂಗಿ ಸಲಹೆ ಕೊಡಲು ಒಪ್ಪಿಕೊಂಡವನು ಇಡೀ ನಷ್ಟಕ್ಕೆ ಹೊಣೆಯಾಗಬಹುದು. ಆದರೆ ಬಳಕೆಯಲ್ಲಿ ಈ ಗೆರೆ ಬಹಳ ಮಸುಕಾದದ್ದು. ಯಾವ ಸಲಹೆಯಲ್ಲಿ ಮಾಹಿತಿಯಿಲ್ಲ? ಯಾವ ಮಾಹಿತಿ ಸಲಹೆಯಂತೆ ಕೆಲಸಮಾಡುವುದಿಲ್ಲ? ಮುಂದಿನ ಇಪ್ಪತ್ತೈದು ವರ್ಷ ವಕೀಲರು ಈ ಎರಡು ಪೆಟ್ಟಿಗೆಗಳಲ್ಲಿ ಯಾವುದಕ್ಕೆ ತಮ್ಮ ಮೊಕದ್ದಮೆಯನ್ನು ಹಾಕಬೇಕೆಂದು ವಾದಿಸುತ್ತಲೇ ಕಳೆದರು.

೨೦೨೧ರ ಜೂನ್ ೧೮ರಂದು ಏಳು ನ್ಯಾಯಾಧೀಶರ ಪೀಠ ಒಂದೇ ದಿನ ಎರಡು ತೀರ್ಪುಗಳನ್ನು ಕೊಟ್ಟು ಈ ಗೊಂದಲವನ್ನು ಬಹುಮಟ್ಟಿಗೆ ಬಿಡಿಸಿತು. ಮೊದಲನೆಯದು ‘ಮ್ಯಾಂಚೆಸ್ಟರ್ ಬಿಲ್ಡಿಂಗ್ ಸೊಸೈಟಿ ವಿರುದ್ಧ ಗ್ರ್ಯಾಂಟ್ ಥಾರ್ನ್‌ಟನ್’. ಎರಡನೆಯದು ‘ಖಾನ್ ವಿರುದ್ಧ ಮೆಡೋಸ್’. ಒಂದು ಲೆಕ್ಕಪರಿಶೋಧಕರದು, ಇನ್ನೊಂದು ವೈದ್ಯರದು. ಆದರೆ ಅವುಗಳ ತತ್ತ್ವ ಎಲ್ಲ ವೃತ್ತಿಗಳಿಗೂ, ವಿಶೇಷವಾಗಿ ಸಾಲಿಸಿಟರರಿಗೆ, ಅನ್ವಯಿಸುತ್ತದೆ.

ವೈದ್ಯರ ಮೊಕದ್ದಮೆ ತಿಳಿಯಲು ಸುಲಭ. ತನ್ನಲ್ಲಿ ರಕ್ತಸ್ರಾವ ರೋಗದ ಆನುವಂಶಿಕ ಅಂಶವಿದೆಯೇ ಎಂದು ತಿಳಿಯಲು ಮಹಿಳೆಯೊಬ್ಬಳು ವೈದ್ಯರ ಬಳಿಗೆ ಹೋದಳು. ಯೋಗ್ಯ ಪರೀಕ್ಷೆ ನಡೆಯಲಿಲ್ಲ; ಇಲ್ಲವೆಂದು ನಂಬಿದಳು. ಹುಟ್ಟಿದ ಮಗುವಿಗೆ ಆ ರೋಗವೂ ಇತ್ತು, ಅದಕ್ಕೆ ಸಂಬಂಧವಿಲ್ಲದ ಆಟಿಸಂ ಎಂಬ ತೊಂದರೆಯೂ ಇತ್ತು. ಸತ್ಯ ತಿಳಿದಿದ್ದರೆ ಆ ಗರ್ಭ ಮುಂದುವರಿಯುತ್ತಿರಲಿಲ್ಲ. ರಕ್ತಸ್ರಾವ ರೋಗದ ಖರ್ಚು ಮಾತ್ರವಾದರೆ ೧೪ ಲಕ್ಷ ಪೌಂಡು. ಎರಡೂ ಸೇರಿದರೆ ೯೦ ಲಕ್ಷ ಪೌಂಡು. ವೈದ್ಯರನ್ನು ಕೇಳಿದ್ದು ಒಂದು ರೋಗದ ವಿಷಯ. ಹೊಣೆಯೂ ಆ ಒಂದಕ್ಕೇ ಎಂದು ನ್ಯಾಯಾಲಯ ನಿರ್ಣಯಿಸಿತು.

ಮ್ಯಾಂಚೆಸ್ಟರ್ ಮೊಕದ್ದಮೆಯಲ್ಲಿ ಫಲ ಬೇರೆಯಾಯಿತು. ಬಡ್ಡಿಯ ದರ ಏರಿಳಿಯುವ ಅಪಾಯದಿಂದ ಪಾರಾಗಲು ಸಂಸ್ಥೆಯೊಂದು ಬಡ್ಡಿ ವಿನಿಮಯದ ದೀರ್ಘಾವಧಿ ಕರಾರುಗಳನ್ನು ಮಾಡಿಕೊಂಡಿತ್ತು. ಅವುಗಳ ಏರಿಳಿತವನ್ನು ಲೆಕ್ಕಪುಸ್ತಕದಲ್ಲಿ ಒಂದು ವಿಶೇಷ ಪದ್ಧತಿಯಿಂದ ತಗ್ಗಿಸಿ ತೋರಿಸಬಹುದೆಂದು ಪರಿಶೋಧಕರು ಹೇಳಿದ್ದರು. ಅದು ತಪ್ಪೆಂದು ೨೦೧೩ರಲ್ಲಿ ಬಯಲಾದಾಗ ಸಂಸ್ಥೆಯು ಆ ಕರಾರುಗಳನ್ನು ಮೂರು ಕೋಟಿ ಪೌಂಡಿಗೂ ಹೆಚ್ಚು ತೆತ್ತು ಮುರಿದುಕೊಳ್ಳಬೇಕಾಯಿತು. ಮಾರುಕಟ್ಟೆಯ ಚಲನೆಯಿಂದಾದ ನಷ್ಟವಿದು, ಪರಿಶೋಧಕರದಲ್ಲವೆಂದು ಕೆಳಗಿನ ನ್ಯಾಯಾಲಯಗಳು ಹೇಳಿದ್ದವು. ಸರ್ವೋಚ್ಚ ನ್ಯಾಯಾಲಯವಾದರೋ, ಈ ಬಗೆಯ ಕರಾರನ್ನು ತಾಳಿಕೊಳ್ಳುವ ಶಕ್ತಿ ಸಂಸ್ಥೆಗಿದೆಯೇ ಎಂಬುದನ್ನು ತಿಳಿಯುವುದೇ ಆ ಸಲಹೆಯ ಉದ್ದೇಶವಾಗಿತ್ತು. ಯಾವ ಅಪಾಯವನ್ನು ತಡೆಯಲು ಸಲಹೆ ಕೇಳಿದರೋ ಆ ಅಪಾಯವೇ ಸಂಭವಿಸಿತು, ಆದ್ದರಿಂದ ಪರಿಶೋಧಕರು ಹೊಣೆ ಎಂದಿತು. ಸಂಸ್ಥೆಯ ಸ್ವಂತ ಅವಿವೇಕಕ್ಕಾಗಿ ಪರಿಹಾರದಲ್ಲಿ ಅರ್ಧ ಕಡಿತವಾಯಿತು.

ಹೊಸ ಸೂತ್ರದ ತಿರುಳು ಇಷ್ಟು: ಮಾಹಿತಿ, ಸಲಹೆ ಎಂಬ ಹೆಸರಿನ ಪೆಟ್ಟಿಗೆಗಳನ್ನು ಬಿಟ್ಟು, ಈ ವೃತ್ತಿವಂತನನ್ನು ಯಾವ ಉದ್ದೇಶಕ್ಕಾಗಿ ನೇಮಿಸಿಕೊಂಡಿತು, ಯಾವ ಅಪಾಯವನ್ನು ತಡೆಯುವುದು ಅವನ ಕರ್ತವ್ಯವಾಗಿತ್ತು ಎಂದು ಕೇಳಬೇಕು. ಬಹುಮತದ ತೀರ್ಪು ಆರು ಪ್ರಶ್ನೆಗಳನ್ನು ಕ್ರಮವಾಗಿ ಇಡುತ್ತದೆ. ಇಂಥ ಹಾನಿಗೆ ನ್ಯಾಯದಲ್ಲಿ ದಾವೆ ಇದೆಯೆ? ಯಾವ ಅಪಾಯಗಳಿಂದ ಕಾಪಾಡುವ ಕರ್ತವ್ಯ ಪ್ರತಿವಾದಿಗಿತ್ತು? ಆ ಕರ್ತವ್ಯ ಭಂಗವಾಯಿತೆ? ಹಾನಿಯಾದದ್ದು ಆ ಭಂಗದಿಂದಲೆ? ಆದ ಹಾನಿಗೂ ಕರ್ತವ್ಯದ ವಿಷಯಕ್ಕೂ ಸಾಕಷ್ಟು ಸಂಬಂಧವಿದೆಯೆ? ದೂರದ ಪರಿಣಾಮ, ನಡುವೆ ಬಂದ ಬೇರೆ ಕಾರಣ, ವಾದಿಯ ಸ್ವಂತ ತಪ್ಪು ಮುಂತಾದುವುಗಳಿಂದ ಹೊಣೆ ಕಡಿಮೆಯಾಗಬೇಕೆ? ಮಾಹಿತಿ ನಿಜವಾಗಿದ್ದಿದ್ದರೂ ನಷ್ಟ ಆಗುತ್ತಿತ್ತೆ ಎಂಬ ಹಳೆಯ ಪರೀಕ್ಷೆ ಈಗ ಐದನೆಯ ಪ್ರಶ್ನೆಯನ್ನು ಬಿಡಿಸುವ ಒಂದು ಉಪಕರಣ ಮಾತ್ರ.

ಇದರ ವ್ಯಾವಹಾರಿಕ ಫಲವನ್ನು ಗಮನಿಸಬೇಕು. ಹೊಣೆಯ ಎಲ್ಲೆಯನ್ನು ನಿರ್ಣಯಿಸುವುದು ಉದ್ದೇಶವಾದ ಮೇಲೆ, ಆ ಉದ್ದೇಶಕ್ಕೆ ಸಾಕ್ಷ್ಯವಾಗುವುದು ಮೊದಲ ದಿನದ ನೇಮಕ ಪತ್ರ. ಚತುರನಾದ ಸಾಲಿಸಿಟರನು ‘ವ್ಯವಹಾರದ ಲಾಭಾಲಾಭದ ವಿಷಯದಲ್ಲಿ ನಾವು ಸಲಹೆ ಕೊಡುವುದಿಲ್ಲ’ ಎಂದು ಅದರಲ್ಲಿ ಬರೆದಿರುತ್ತಾನೆ. ದೊಡ್ಡ ಕಂಪನಿಗಳು ಅದನ್ನು ಓದಿ ತಿದ್ದಿಸಿಕೊಳ್ಳಬಲ್ಲವು. ಓದದೆ ರುಜು ಹಾಕುವವನು ಸಣ್ಣ ಗೃಹಸ್ಥ. ತನ್ನ ಮನಸ್ಸಿನಲ್ಲಿ ಆತನು ಎಲ್ಲವನ್ನೂ ವಕೀಲನ ಕೈಗೆ ಒಪ್ಪಿಸಿರುತ್ತಾನೆ. ಕಾಗದದ ಮೇಲೆ ಒಪ್ಪಿಸಿದ್ದು ಹಕ್ಕುಪತ್ರದ ಪರೀಕ್ಷೆಯನ್ನು ಮಾತ್ರ. ತತ್ತ್ವದಲ್ಲಿ ನ್ಯಾಯವಾಗಿರುವ ಈ ಸೂತ್ರ ಅಸಮರ ನಡುವೆ ಕಠಿಣವಾಗಬಲ್ಲದೆಂಬುದನ್ನು ಮರೆಯಲಾಗದು.

೩. ಕಕ್ಷಿಗಾರನೇ ತಪ್ಪಿತಸ್ಥನಾದರೆ

‘ಮಾಡಿದ್ದುಣ್ಣೋ ಮಹರಾಯ’ ಎಂಬುದು ನಮ್ಮ ಗಾದೆ. ದುಷ್ಕಾರ್ಯದಿಂದ ದಾವೆ ಹುಟ್ಟದೆಂಬ ಲ್ಯಾಟಿನ್ ಸೂತ್ರದ ಭಾವವೂ ಅದಕ್ಕೆ ಹತ್ತಿರವಾದದ್ದೇ. ೧೯೯೩ರ ‘ಟಿನ್ಸ್ಲಿ ವಿರುದ್ಧ ಮಿಲಿಗನ್’ ತೀರ್ಪಿನಂತೆ, ವಾದಿಯು ತನ್ನ ಹಕ್ಕನ್ನು ಸ್ಥಾಪಿಸಲು ತನ್ನ ಅಕ್ರಮವನ್ನೇ ಹೇಳಿಕೊಳ್ಳಬೇಕಾದರೆ ದಾವೆ ಬಿದ್ದುಹೋಗುತ್ತಿತ್ತು; ಹೇಳಿಕೊಳ್ಳದೆ ನಡೆಯಿಸಬಲ್ಲನಾದರೆ ಗೆಲ್ಲುತ್ತಿದ್ದ. ಅಕ್ರಮದ ಗಾತ್ರಕ್ಕೂ ಫಲಕ್ಕೂ ಸಂಬಂಧವಿರಲಿಲ್ಲ.

೨೦೧೬ರ ‘ಪಟೇಲ್ ವಿರುದ್ಧ ಮಿರ್ಜಾ’ ಈ ನಿಯಮವನ್ನು ಕಿತ್ತುಹಾಕಿತು. ಬ್ಯಾಂಕೊಂದರ ಷೇರು ಬೆಲೆಯ ಮೇಲೆ ಒಳಸುದ್ದಿಯ ಬಲದಿಂದ ಪಣ ಕಟ್ಟಲೆಂದು ಒಬ್ಬನು ಇನ್ನೊಬ್ಬನಿಗೆ ೬,೨೦,೦೦೦ ಪೌಂಡು ಕೊಟ್ಟಿದ್ದ. ನಿರೀಕ್ಷಿಸಿದ ಸುದ್ದಿ ಬರಲಿಲ್ಲ, ಪಣವೂ ನಡೆಯಲಿಲ್ಲ, ಹಣವೂ ಹಿಂತಿರುಗಲಿಲ್ಲ. ಒಂಬತ್ತು ನ್ಯಾಯಾಧೀಶರೂ ಹಣ ಹಿಂದಿರುಗಿಸಬೇಕೆಂದರು. ಆದರೆ ಕಾರಣಗಳಲ್ಲಿ ಭಿನ್ನವಾದರು. ಲಾರ್ಡ್ ಟೂಲ್ಸನ್ ಅವರ ಬಹುಮತದ ತೀರ್ಪಿನಂತೆ ನೋಡಬೇಕಾದದ್ದು ಮೂರು: ಭಂಗವಾದ ಕಾಯಿದೆಯ ಮೂಲ ಉದ್ದೇಶ ದಾವೆಯನ್ನು ತಳ್ಳಿಹಾಕುವುದರಿಂದ ಸಾಧಿಸುವುದೆ? ತಳ್ಳಿಹಾಕಿದರೆ ಬೇರೆ ಯಾವ ಸಾರ್ವಜನಿಕ ಹಿತಕ್ಕೆ ಧಕ್ಕೆ? ಅಪರಾಧಕ್ಕೆ ಆ ಶಿಕ್ಷೆ ತಕ್ಕ ಪ್ರಮಾಣದ್ದೆ?

ಈ ಸೂತ್ರ ಸಾಲಿಸಿಟರನ ಮನೆಬಾಗಿಲಿಗೆ ಬಂದದ್ದು ೨೦೨೦ರ ಅಕ್ಟೋಬರಿನ ‘ಸ್ಟೋಫೆಲ್ ವಿರುದ್ಧ ಗ್ರೊಂಡೋನ’ ತೀರ್ಪಿನಲ್ಲಿ. ಮಹಿಳೆಯೊಬ್ಬಳು ೨೦೦೨ರಲ್ಲಿ ೯೦,೦೦೦ ಪೌಂಡಿಗೆ ಮನೆಯೊಂದನ್ನು ಕೊಂಡಳು. ಸಾಲಸಂಸ್ಥೆಯಿಂದ ೭೬,೪೭೫ ಪೌಂಡು ಪಡೆದಳು. ಸ್ವಂತ ಹೆಸರಿನಲ್ಲಿ ಸಾಲ ಹುಟ್ಟದ ಮಾರಾಟಗಾರನಿಗೆ ಹಣ ಒದಗಿಸುವುದೇ ಈ ಏರ್ಪಾಟಿನ ಉದ್ದೇಶ. ಸಾಲಸಂಸ್ಥೆಗೆ ಸುಳ್ಳು ಹೇಳಲಾಗಿತ್ತು. ಇತ್ತ ಸಾಲಿಸಿಟರರು ಕ್ರಯದ ಪತ್ರಗಳನ್ನು ನೋಂದಣಿ ಮಾಡಿಸಲು ತಪ್ಪಿದರು. ಮನೆ ಅವಳ ಹೆಸರಿಗೆ ಬರಲೇ ಇಲ್ಲ. ಸಾಲದ ಹೊಣೆ ಮಾತ್ರ ಉಳಿಯಿತು. ಅವಳು ಪರಿಹಾರ ಕೇಳಿದಾಗ ಸಾಲಿಸಿಟರರ ಉತ್ತರ: ನೀನು ಮೋಸಗಾತಿ, ನಿನಗೆ ನ್ಯಾಯವಿಲ್ಲ.

ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಆ ಉತ್ತರವನ್ನು ತಳ್ಳಿಹಾಕಿತು. ಇಂಥ ದಾವೆಯನ್ನು ನಿರಾಕರಿಸಿದರೆ ಸಾಲದ ಮೋಸಗಾರರು ಹೆದರುವುದಿಲ್ಲ. ತಮ್ಮ ಸಾಲಿಸಿಟರನು ನೋಂದಣಿ ಮಾಡಿಸದೆ ಹೋಗಬಹುದೆಂದು ಎಣಿಸಿ ಯಾರೂ ಮೋಸಕ್ಕೆ ಇಳಿಯುವುದಿಲ್ಲ. ಅದರ ಬದಲು, ವೃತ್ತಿವಂತನು ತನ್ನ ಕೆಲಸವನ್ನು ಜಾಗರೂಕತೆಯಿಂದ ಮಾಡಬೇಕೆಂಬ ಸಾರ್ವಜನಿಕ ಹಿತಕ್ಕೆ ಧಕ್ಕೆ ಬರುತ್ತದೆ. ಮೇಲಾಗಿ, ಅವಳು ಮೋಸದ ಲಾಭವನ್ನು ಕೇಳುತ್ತಿರಲಿಲ್ಲ. ತಾನು ಶುಲ್ಕ ಕೊಟ್ಟ ಕೆಲಸ ಆಗದೆ ಹೋದುದಕ್ಕೆ ಪರಿಹಾರ ಕೇಳುತ್ತಿದ್ದಳು.

ಮೋಸವನ್ನು ನ್ಯಾಯಾಲಯ ಇಲ್ಲಿ ಕ್ಷಮಿಸಿಲ್ಲ. ಮೋಸಕ್ಕೆ ಶಿಕ್ಷೆ ಕೊಡುವ ಕಾಯಿದೆ ಬೇರೆ ಇದೆ; ಆ ಶಿಕ್ಷೆ ಕಸುಬು ಕೆಡಿಸಿದ ಸಾಲಿಸಿಟರನ ಜೇಬಿಗೆ ಲಾಭವಾಗಿ ಸೇರಬಾರದು ಎಂಬುದು ಈ ತೀರ್ಪಿನ ಧರ್ಮಸೂಕ್ಷ್ಮ.

೪. ಇಲ್ಲದ ತೀರ್ಪುಗಳು

ಕಕ್ಷಿಗಾರನಿಗೆ ಸಲ್ಲಬೇಕಾದ ಹೊಣೆಗಿಂತ ಮೇಲಿನದು ನ್ಯಾಯಾಲಯಕ್ಕೆ ಸಲ್ಲಬೇಕಾದದ್ದು. ಇಂಗ್ಲಿಷ್ ಪದ್ಧತಿಯಲ್ಲಿ ನ್ಯಾಯಾಧೀಶನು ವಕೀಲನು ಮುಂದಿಟ್ಟ ಪೂರ್ವನಿರ್ಣಯವನ್ನು ನಂಬಿ ನಡೆಯುತ್ತಾನೆ. ಪುಟಪುಟವನ್ನೂ ತಾನೇ ಶೋಧಿಸಬೇಕಾದರೆ ಆತನ ದಿನ ಸಾಲದು. ಈ ವಿಶ್ವಾಸದ ಬುಡಕ್ಕೇ ಕೃತಕ ಬುದ್ಧಿಮತ್ತೆಯ ಯಂತ್ರಗಳು ಇಂದು ಪೆಟ್ಟು ಕೊಟ್ಟಿವೆ. ಕೇಳಿದ ವಿಷಯದ ಮೇಲೆ ಸೊಗಸಾದ ವಾಕ್ಯಗಳನ್ನು ಹೆಣೆಯುವ ಈ ಯಂತ್ರಗಳು, ಆಧಾರ ಕೇಳಿದರೆ ಇಲ್ಲದ ಮೊಕದ್ದಮೆಗಳನ್ನೂ ಹೆಣೆದು ಕೊಡುವುದುಂಟು. ಕಕ್ಷಿಗಳ ಹೆಸರು, ವರ್ಷ, ಪುಟಸಂಖ್ಯೆ ಎಲ್ಲವೂ ನಿಜದಂತೆಯೇ ಕಾಣುತ್ತವೆ.

೨೦೨೫ರ ಜೂನ್ ೬ರಂದು ಲಂಡನ್ನಿನ ಹೈಕೋರ್ಟು ಇಂಥ ಎರಡು ಪ್ರಕರಣಗಳನ್ನು ಒಟ್ಟಿಗೆ ತೀರ್ಮಾನಿಸಿತು. ಒಂದು, ಹ್ಯಾರಿಂಗೆ ಎಂಬ ಸ್ಥಳೀಯ ಸಂಸ್ಥೆಯ ವಿರುದ್ಧ ವಸತಿಯ ವಿಷಯದಲ್ಲಿ ಹೂಡಿದ ಅರ್ಜಿ. ಅದರಲ್ಲಿ ಉಲ್ಲೇಖಿಸಿದ ಐದು ಮೊಕದ್ದಮೆಗಳು ಎಲ್ಲಿಯೂ ಇರಲಿಲ್ಲ. ಇನ್ನೊಂದು, ಕತಾರ್ ನ್ಯಾಷನಲ್ ಬ್ಯಾಂಕಿನ ವಿರುದ್ಧ ಸುಮಾರು ಒಂಬತ್ತು ಕೋಟಿ ಪೌಂಡಿನ ದಾವೆ. ಅಲ್ಲಿ ಕೊಟ್ಟ ೪೫ ಉಲ್ಲೇಖಗಳಲ್ಲಿ ೧೮ ಶುದ್ಧ ಕಲ್ಪನೆ. ಎರಡನೆಯದರ ಸಂಗತಿ ಇನ್ನಷ್ಟು ಸೋಜಿಗ. ಆಧಾರಗಳನ್ನು ಯಂತ್ರದ ನೆರವಿನಿಂದ ಹುಡುಕಿದವನು ಕಕ್ಷಿಗಾರ. ಪರೀಕ್ಷಿಸದೆ ಅವನ್ನು ನ್ಯಾಯಾಲಯಕ್ಕೆ ಸಲ್ಲಿಸಿದವನು ಸಾಲಿಸಿಟರ್. ಕಾನೂನು ತಿಳಿಯಲು ಕಕ್ಷಿಗಾರನು ವಕೀಲನನ್ನು ನಂಬಬೇಕಾದಲ್ಲಿ ವಕೀಲನೇ ಕಕ್ಷಿಗಾರನನ್ನು ನಂಬಿದ ಈ ಪರಿಯನ್ನು ಪೀಠ ತೀವ್ರವಾಗಿ ಖಂಡಿಸಿತು.

ನ್ಯಾಯಾಲಯ ನಿಂದನೆಯ ಕ್ರಮವನ್ನು ಅಂದು ಕೈಗೊಳ್ಳಲಿಲ್ಲ. ವಕೀಲರನ್ನು ಅವರವರ ನಿಯಂತ್ರಣ ಸಂಸ್ಥೆಗಳಿಗೆ ಒಪ್ಪಿಸಿತು. ಆದರೆ ಎಚ್ಚರಿಕೆ ಸ್ಪಷ್ಟವಾಗಿತ್ತು. ಬಹಿರಂಗ ಛೀಮಾರಿಯಿಂದ ಹಿಡಿದು ಖರ್ಚಿನ ಆದೇಶ, ನ್ಯಾಯಾಲಯ ನಿಂದನೆ, ಅತಿ ಘೋರ ಪ್ರಸಂಗಗಳಲ್ಲಿ ಪೋಲೀಸು ತನಿಖೆಯವರೆಗೆ ದಂಡದ ಶ್ರೇಣಿಯನ್ನು ತೀರ್ಪು ಎಣಿಸಿತು. ಅಷ್ಟೇ ಅಲ್ಲ, ತಪ್ಪು ಮಾಡಿದ ಕಿರಿಯನೊಬ್ಬನೇ ಅಲ್ಲದೆ ಸಂಸ್ಥೆಯನ್ನು ನಡೆಸುವ ಹಿರಿಯ ಪಾಲುದಾರರೂ ತಡೆಯುವ ಏರ್ಪಾಟು ಮಾಡಬೇಕೆಂದು, ಮುಂದೆ ಇಂಥ ಪ್ರಸಂಗ ಬಂದರೆ ಆ ಏರ್ಪಾಟಿನ ವಿಚಾರಣೆಯೂ ನಡೆಯುವುದೆಂದು ಹೇಳಿತು.

ಇದು ದೂರದ ಸುದ್ದಿಯಲ್ಲ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ೨೦೨೪ರ ಡಿಸೆಂಬರಿನಲ್ಲಿ ಕೊಟ್ಟ ಆದೇಶವೊಂದರಲ್ಲಿ ಇಲ್ಲದ ತೀರ್ಪುಗಳು ಸೇರಿದ್ದುದರಿಂದ ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ೨೦೨೫ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟು, ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು ಆಧಾರವಾಗಿ ಹಿಡಿದ ಸುಪ್ರೀಂ ಕೋರ್ಟಿನ ತೀರ್ಪುಗಳು ಅಸ್ತಿತ್ವದಲ್ಲಿಯೇ ಇಲ್ಲವೆಂದು ಕಂಡು ಮುಂದಿನ ಕ್ರಮಕ್ಕೆ ಆದೇಶಿಸಿತು. ವಕೀಲನ ಬರೆಹದಲ್ಲಿ ಹುಸಿ ಸೇರಿದರೆ ನ್ಯಾಯಾಧೀಶನು ಹಿಡಿಯಬಹುದು. ತೀರ್ಪಿನೊಳಗೇ ಹುಸಿ ಸೇರಿದರೆ ಅದು ನಾಳೆಯ ಪೂರ್ವನಿರ್ಣಯವಾಗಿ ನಿಲ್ಲುತ್ತದೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದ ಹಿರಿಯರ ಮಾತಿಗೆ ಇದಕ್ಕಿಂತ ತಕ್ಕ ಸಂದರ್ಭ ದೊರೆಯದು.

೫. ನ್ಯಾಯಾಲಯದ ಹೊರಗಿನ ಹಾದಿ

ಉಳಿದ ಎರಡು ಬೆಳವಣಿಗೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ‘ಗೆದ್ದವನು ಸೋತ, ಸೋತವನು ಸತ್ತ’ ಎಂದು ವ್ಯಾಜ್ಯವನ್ನು ಕುರಿತು ನಮ್ಮವರು ಹೇಳಿದ್ದಾರೆ. ಒಲ್ಲದ ಕಕ್ಷಿಗಳನ್ನು ರಾಜಿ ಮಧ್ಯಸ್ಥಿಕೆಗೆ ಒತ್ತಾಯದಿಂದ ದೂಡುವುದು ನ್ಯಾಯಾಲಯದ ಬಾಗಿಲನ್ನು ಮುಚ್ಚಿದಂತೆ ಎಂದು ೨೦೦೪ರ ‘ಹಾಲ್ಸಿ’ ತೀರ್ಪು ಹೇಳಿತ್ತು. ೨೦೨೩ರ ನವೆಂಬರಿನಲ್ಲಿ ‘ಚರ್ಚಿಲ್ ವಿರುದ್ಧ ಮರ್ಥರ್ ಟಿಡ್‌ಫಿಲ್’ ಮೊಕದ್ದಮೆಯಲ್ಲಿ ಅಪೀಲು ನ್ಯಾಯಾಲಯ, ಆ ಮಾತು ತೀರ್ಪಿಗೆ ಅವಶ್ಯವಾದದ್ದಲ್ಲ, ಆದ್ದರಿಂದ ಕಟ್ಟುಪಾಡಲ್ಲ ಎಂದಿತು. ಪಕ್ಕದ ಪುರಸಭೆಯ ನೆಲದಿಂದ ಹಬ್ಬಿದ ಕಳೆಯೊಂದರಿಂದ ಹುಟ್ಟಿದ ವ್ಯಾಜ್ಯವದು. ನ್ಯಾಯ ವಿಚಾರಣೆಯ ಹಕ್ಕಿನ ಸಾರಕ್ಕೆ ಧಕ್ಕೆಯಾಗದಂತೆ, ತಕ್ಕ ಪ್ರಮಾಣದಲ್ಲಿ, ನ್ಯಾಯಾಲಯ ವಿಚಾರಣೆಯನ್ನು ತಡೆದು ಕಕ್ಷಿಗಳನ್ನು ಹೊರಗಿನ ಪರಿಹಾರಕ್ಕೆ ಕಳುಹಬಹುದು. ೨೦೨೪ರ ಅಕ್ಟೋಬರಿನಿಂದ ಸಿವಿಲ್ ಕಾರ್ಯವಿಧಾನದ ನಿಯಮಗಳೂ ಇದಕ್ಕನುಗುಣವಾಗಿ ತಿದ್ದುಪಡಿಯಾಗಿವೆ. ನಮ್ಮಲ್ಲಿ ವಾಣಿಜ್ಯ ನ್ಯಾಯಾಲಯಗಳ ಕಾಯಿದೆಯ ೧೨-ಎ ವಿಧಿಯ ಮೇಲೆ ಸುಪ್ರೀಂ ಕೋರ್ಟು ೨೦೨೨ರಲ್ಲಿ ‘ಪಾಟೀಲ್ ಆಟೋಮೇಷನ್’ ತೀರ್ಪು ಕೊಟ್ಟು, ತುರ್ತು ಪರಿಹಾರ ಬೇಡದ ವಾಣಿಜ್ಯ ದಾವೆಗಳಲ್ಲಿ ಮೊದಲು ಮಧ್ಯಸ್ಥಿಕೆ ಕಡ್ಡಾಯವೆಂದಿತ್ತು. ಈ ಒಂದು ವಿಷಯದಲ್ಲಿ ಭಾರತವೇ ಒಂದು ಹೆಜ್ಜೆ ಮುಂದಿತ್ತೆನ್ನಬಹುದು.

ಎರಡನೆಯದು ೨೦೨೫ರ ಆರ್ಬಿಟ್ರೇಷನ್ ಕಾಯಿದೆ; ಅದೇ ವರ್ಷದ ಆಗಸ್ಟ್ ೧ರಿಂದ ಅದು ಜಾರಿಗೆ ಬಂದಿದೆ. ಮುಂಬಯಿ, ಚೆನ್ನೈಗಳ ವ್ಯಾಪಾರಸಂಸ್ಥೆಗಳು ಗಮನಿಸಬೇಕಾದ ಅಂಶ ಒಂದುಂಟು. ಮುಖ್ಯ ಕರಾರಿಗೆ ಭಾರತದ ಕಾನೂನು ಅನ್ವಯಿಸುವುದೆಂದೂ ಪಂಚರ ವಿಚಾರಣೆಯ ಪೀಠ ಲಂಡನ್ ಎಂದೂ ಬರೆದಿದ್ದರೆ, ಪಂಚಾಯಿತಿಯ ಒಪ್ಪಂದಕ್ಕೆ ಯಾವ ದೇಶದ ಕಾನೂನು? ೨೦೨೦ರ ‘ಎನ್ಕಾ’ ತೀರ್ಪಿನಂತೆ ಸಾಮಾನ್ಯವಾಗಿ ಮುಖ್ಯ ಕರಾರಿನದು. ಹೊಸ ಕಾಯಿದೆಯಂತೆ, ಪಂಚಾಯಿತಿಯ ಒಪ್ಪಂದಕ್ಕೇ ಪ್ರತ್ಯೇಕವಾಗಿ ಬೇರೆ ಕಾನೂನನ್ನು ಸ್ಪಷ್ಟವಾಗಿ ಬರೆದಿದ್ದ ಹೊರತು, ಪೀಠವಿರುವ ದೇಶದ್ದು. ಒಪ್ಪಂದ ಹಳೆಯದಾದರೂ, ವಿಚಾರಣೆ ಆ ದಿನಾಂಕದ ಮೇಲೆ ಆರಂಭವಾದರೆ ಹೊಸ ನಿಯಮವೇ. ಹಳೆಯ ಕರಾರುಗಳನ್ನು ಕಪಾಟಿನಿಂದ ತೆಗೆದು ಮತ್ತೊಮ್ಮೆ ಓದುವುದು ಲೇಸು.

೬. ನಮ್ಮ ಕಡೆಯ ಪ್ರಶ್ನೆ

ಈ ನಾಲ್ಕು ಹಾದಿಗಳನ್ನೂ ಒಟ್ಟಿಗೆ ನೋಡಿದರೆ ಇಂಗ್ಲಿಷ್ ನ್ಯಾಯದ ನಡೆ ಸ್ಪಷ್ಟವಾಗುತ್ತದೆ. ಕಕ್ಷಿಗಾರನ ನಷ್ಟದ ವಿಷಯದಲ್ಲಿ ಅದು ಸಾಲಿಸಿಟರನ ಹೊಣೆಗೆ ಎಲ್ಲೆ ಕಟ್ಟಿದೆ. ಆ ಎಲ್ಲೆಯೊಳಗೆ, ಕಕ್ಷಿಗಾರನ ಪಾಪವನ್ನು ತೋರಿಸಿ ಪಾರಾಗುವ ಹಾದಿಯನ್ನು ಕಿರಿದುಮಾಡಿದೆ. ನ್ಯಾಯಾಲಯಕ್ಕೆ ಸಲ್ಲಬೇಕಾದ ಸತ್ಯದ ವಿಷಯದಲ್ಲಿ ಎಲ್ಲೆಯನ್ನೇ ಇಟ್ಟಿಲ್ಲ.

ನಮ್ಮ ಸ್ಥಿತಿ ಬೇರೆ. ೨೦೨೪ರ ಮೇ ೧೪ರಂದು ಭಾರತದ ಸುಪ್ರೀಂ ಕೋರ್ಟು ‘ಬಾರ್ ಆಫ್ ಇಂಡಿಯನ್ ಲಾಯರ್ಸ್ ವಿರುದ್ಧ ಡಿ. ಕೆ. ಗಾಂಧಿ’ ಮೊಕದ್ದಮೆಯಲ್ಲಿ, ವಕೀಲನ ಸೇವೆ ವೈಯಕ್ತಿಕ ಸೇವೆಯ ಕರಾರು; ಆದ್ದರಿಂದ ಗ್ರಾಹಕ ರಕ್ಷಣಾ ಕಾಯಿದೆ ಅದಕ್ಕೆ ಅನ್ವಯಿಸದು ಎಂದು ತೀರ್ಮಾನಿಸಿತು. ವಕೀಲನು ನ್ಯಾಯಾಲಯದ ಅಧಿಕಾರಿಯೂ ಹೌದು, ವ್ಯಾಪಾರಿಯಲ್ಲ ಎಂಬ ಭಾವನೆ ಅದರ ಹಿಂದಿದೆ. ಇದರಿಂದ ಸಿವಿಲ್ ನ್ಯಾಯಾಲಯದ ಬಾಗಿಲು ಮುಚ್ಚಿಲ್ಲ. ಕೇವಲ ವಕೀಲನಾದ ಕಾರಣಕ್ಕೆ ಯಾರೂ ಅಜಾಗರೂಕತೆಯ ದಾವೆಯಿಂದ ಮುಕ್ತನಲ್ಲವೆಂದು ೧೯೨೬ರಷ್ಟು ಹಿಂದೆಯೇ ವಕೀಲರ ಶುಲ್ಕದ ಕಾಯಿದೆ ಸಾರಿತ್ತು. ಆದರೆ ಗ್ರಾಹಕ ನ್ಯಾಯಾಲಯದ ಸುಲಭ ಹಾದಿ ಇಲ್ಲವಾದ ಮೇಲೆ, ಉಳಿದ ಹಾದಿಯಲ್ಲಿ ನಡೆಯುವವನಿಗೆ ಹೊಣೆಯ ವ್ಯಾಪ್ತಿಯ ಪ್ರಶ್ನೆ ಎದುರಾಗಿಯೇ ಆಗುತ್ತದೆ. ಆಗ ನಮ್ಮ ನ್ಯಾಯಾಧೀಶರ ಮುಂದೆ ಮ್ಯಾಂಚೆಸ್ಟರಿನ ಆರು ಪ್ರಶ್ನೆಗಳನ್ನು ಇಡುವ ವಕೀಲರು ಇದ್ದೇ ಇರುತ್ತಾರೆ.

ಆ ದಿನಕ್ಕೆ ಕಾಯದೆ ಗೃಹಸ್ಥನು ಮಾಡಬಹುದಾದದ್ದು ಒಂದಿದೆ. ವಕೀಲನ ಬಳಿಗೆ ಹೋದಾಗ ಏನನ್ನು ಕೇಳಲು ಬಂದೆನೆಂಬುದನ್ನು, ಯಾವ ಅಪಾಯಕ್ಕೆ ಹೆದರಿದ್ದೇನೆಂಬುದನ್ನು, ನಾಲ್ಕು ಸಾಲಿನಲ್ಲಿ ಬರೆದುಕೊಟ್ಟು, ಅದಕ್ಕೆ ಉತ್ತರವನ್ನೂ ಬರೆಹದಲ್ಲಿ ಪಡೆಯುವುದು. ಬಾಯಿಮಾತಿನ ವಿಶ್ವಾಸದಿಂದ ನಡೆಯುವ ನಮ್ಮ ಜನಕ್ಕೆ ಇದು ಒರಟೆಂದು ತೋರಬಹುದು. ಆದರೆ ನ್ಯಾಯಾಲಯ ಮುಂದೊಂದು ದಿನ ಆ ವಿಶ್ವಾಸದ ಅಳತೆಯನ್ನು ಕೇಳಿದಾಗ ಜವಾಬು ಹೇಳುವುದು ಆ ನಾಲ್ಕು ಸಾಲು ಮಾತ್ರ. ಒಳ್ಳೆಯ ವಕೀಲನಿಗೂ ಅದರಿಂದ ಹಿತವೇ; ತಾನು ಹೊತ್ತ ಭಾರ ಎಷ್ಟೆಂಬುದು ಅವನಿಗೂ ಮೊದಲೇ ತಿಳಿದಿರುತ್ತದೆ.